ಕಂಬದ ಕಣ್ಣು ಒರೆಸುವವನು

ನನ್ನ ತಂಗಿಯ ಗಂಡನನ್ನು ಊರೆಲ್ಲ ಜೇಡ ಎಂದೇ ಕರೆಯುತ್ತದೆ. ಉದ್ದುದ್ದ ಕೈಕಾಲು, ಸಣಕಲು ಮೈ, ಸಾಲದ್ದಕ್ಕೆ ಮಾಡುವುದು ಜೇಡರಬಲೆ ತೆಗೆಯುವ ಕೆಲಸ, ಇನ್ನೇನೆಂದು ಕರೆದಾರು? ಮದುವೆಯ ಮಾತು ಬಂದಾಗ ನಾನು ಮೂಗು ಮುರಿದಿದ್ದೆ. "ಕಂಬ ಹತ್ತೋನಿಗೆ ಹೆಣ್ಣು ಕೊಡೋದಾ?" ಎಂದು ಅಮ್ಮನ ಮುಂದೆ ಕೂಗಾಡಿದೆ. ಒಳಗಿದ್ದ ತಂಗಿ, "ನೀನು ಸೂಜಿ ಹಿಡ್ಕೊಂಡು ಬದುಕ್ತಿದೀಯ, ಅವರು ಬ್ರಷ್ ಹಿಡ್ಕೊಂಡು ಬದುಕ್ತಾರೆ. ನಿಂಗೇನಣ್ಣ ಕಷ್ಟ?" ಎಂದಳು. ನಾನು ದರ್ಜಿ. ಬಾಯಿ ಮುಚ್ಚಿಕೊಂಡು ಅವನ ಮದುವೆಯ ಕೋಟು ನಾನೇ ಹೊಲಿದೆ. ತೋಳಿಗೆ ಬಟ್ಟೆ ಸಾಲದೆ ಬೈದುಕೊಂಡೇ ಹೊಲಿದೆ.

ಅವನ ಕೆಲಸ ಎಂಥದ್ದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲಿ ಬೀದಿಗೊಂದು ಕಂಬ ನೆಟ್ಟು ಕ್ಯಾಮೆರಾ ಕೂರಿಸಿದ್ದಾರೆ. ಅವು ಬರೀ ಚಿತ್ರ ತೆಗೆಯುವ ಕ್ಯಾಮೆರಾಗಳಲ್ಲ, ಮುಖ ನೋಡಿ ಇಂಥವರೇ ಎಂದು ಹೇಳುವಂಥವು. ಬಸ್ಸು, ಆಸ್ಪತ್ರೆ, ನಾವೆಲ್ಲ ಇರುವ ವಸತಿ ಕಟ್ಟಡ, ಎಲ್ಲ ಬಾಗಿಲುಗಳೂ ಮುಖ ನೋಡಿಯೇ ತೆರೆಯುತ್ತವೆ. ಬೀಗದ ಕೈ ಹುಡುಕುವ ಗೋಳು ತಪ್ಪಿತು ಎಂದು ಮೊದಮೊದಲು ನಾವೂ ಹಿಗ್ಗಿದೆವು. ಆಮೇಲೆ ಗೊತ್ತಾಯಿತು. ಸೇರಬಾರದ ಕಡೆ ಸೇರಿದವರ, ಕೂಗಬಾರದ್ದನ್ನು ಕೂಗಿದವರ ಮುಖಕ್ಕೆ 'ತಡೆ' ಬೀಳುತ್ತದೆ. ಪೊಲೀಸರು ಮನೆಗೆ ಬರುವುದಿಲ್ಲ. ಯಾರೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಬೆಳಿಗ್ಗೆ ಬಸ್ಸಿನ ಬಾಗಿಲು ತೆರೆಯುವುದಿಲ್ಲ, ಅಷ್ಟೇ. ಯಾರ ಹತ್ತಿರ ಜಗಳವಾಡುತ್ತೀರಿ? ಬಾಗಿಲಿನ ಹತ್ತಿರವೇ? ನನಗೆ ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಷ್ಟೆಲ್ಲ ಬುದ್ಧಿಯಿರುವ ಈ ಕ್ಯಾಮೆರಾಕ್ಕೆ ಒಂದೇ ಶತ್ರು, ನಿಜವಾದ ಜೇಡ. ಕತ್ತಲಾದರೆ ಅದರ ಸುತ್ತ ಬಿಸಿಯಾದ ಸಣ್ಣ ಬೆಳಕು ಉರಿಯುತ್ತದಂತೆ. ಆ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಗಾಳಿಗೆ ಬಲೆ ಅಲ್ಲಾಡಿದರೆ ಯಂತ್ರ ಯಾರೋ ಓಡಾಡುತ್ತಿದ್ದಾರೆ ಎಂದುಕೊಂಡು ಬಡಬಡಿಸುತ್ತದೆ. ಹಾಗಾಗಿ ನನ್ನ ತಂಗಿಯ ಗಂಡ ಏಣಿ, ಬಕೆಟ್ಟು, ಮೆತ್ತನೆಯ ಬ್ರಷ್ಷು ಹೊತ್ತು ದಿನವಿಡೀ ಕಂಬ ಸುತ್ತುತ್ತಿದ್ದ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯನ್ನೇ ಮೊದಲು ಆಡಿಸಿದರೆ ಧೂಳು ಗಾಜನ್ನು ಗೀರುತ್ತದೆ ಎನ್ನುತ್ತಿದ್ದ.

ಅವನಿಗಿಂತ ಮುಂಚೆ ಇದ್ದವರು ಮರದ ನೆರಳಿನಲ್ಲಿ ಕೂತುಕೊಂಡೇ "ಒರೆಸಿ ಆಯ್ತು ಸಾರ್" ಎಂದು ಫೋನು ಮಾಡಿ ಮೈಗಳ್ಳತನ ಮಾಡುತ್ತಿದ್ದರಂತೆ. ಅದಕ್ಕೇ ಮೇಲಿನವರು ಒಂದು ಕಟ್ಟುನಿಟ್ಟು ಮಾಡಿದರು. ಕೆಲಸಗಾರ "ಏಣಿ ಹಾಕಿದೆ" ಎಂದು ಫೋನಿನಲ್ಲಿ ಹೇಳಿದ ಕೂಡಲೇ ಆ ಕಂಬದ ಕ್ಯಾಮೆರಾ ಪರೀಕ್ಷೆಗೆ ಹೋಗುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಅದು ಕಂಡದ್ದು ಲೆಕ್ಕಕ್ಕಿಲ್ಲ, ಉಳಿಸಿಕೊಳ್ಳುವುದೂ ಇಲ್ಲ. ಇಲ್ಲವಾದರೆ ಗಾಜಿನ ಮೇಲೆ ಬಟ್ಟೆ ಆಡಿದ್ದಕ್ಕೆಲ್ಲ ಸೈರನ್ ಹೊಡೆದುಕೊಳ್ಳುತ್ತದೆ. ಪರೀಕ್ಷೆ ಮುಗಿಯಬೇಕಾದರೆ ಗೊತ್ತಿರುವ ಒಂದು ಮುಖ ಕಂಬದ ಕೆಳಗೆ ಹಾದುಹೋಗಬೇಕು, ಯಂತ್ರ ಅದನ್ನು ಹಿಡಿಯಬೇಕು. ಆಗ ಕಂಟ್ರೋಲ್ ರೂಮಿನ ಹುಡುಗಿ "ಸಿಕ್ತು" ಎನ್ನುತ್ತಾಳೆ. ಆ ಮುಖಕ್ಕೆ ಪರೀಕ್ಷೆಯ ಮುಖ ಎಂದು ಹೆಸರು. ಆಫೀಸಿನಲ್ಲಿ ಕೂತವರು ಕೈಯಾಡಿಸಿ ಪರೀಕ್ಷೆ ಮುಗಿಸುವಂತಿಲ್ಲ, ಯಾಕೆಂದರೆ ಮೇಲಿನವರು ಮನುಷ್ಯರನ್ನು ನಂಬುವುದಿಲ್ಲ.

ಪರೀಕ್ಷೆಯ ಮುಖ ಮೊದಲು ಅವನದೇ ಇತ್ತು. ಪ್ರತಿ ಸಲ ಕಂಬ ಇಳಿದು, ನಡೆದು, ಮತ್ತೆ ಹತ್ತಿ ಅವನಿಗೆ ಸೊಂಟ ಬಿದ್ದುಹೋಗುತ್ತಿತ್ತು. ಮದುವೆಯಾದ ಹೊಸತು; ನನ್ನ ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿ ನೇರ ಅವನು ಇದ್ದ ಬೀದಿಗೇ ಹೋಗುತ್ತಿದ್ದಳು. ಒಂದು ದಿನ "ನಾನೇ ನಡೀತೀನಿ, ನೀವು ಅಲ್ಲೇ ಇರಿ" ಎಂದಳಂತೆ. ಆಫೀಸಿನವರೂ ಒಪ್ಪಿಕೊಂಡು ಅವನ ಮುಖದ ಜೊತೆಗೆ ಅವಳದನ್ನೂ ಪರೀಕ್ಷೆಯ ಮುಖ ಮಾಡಿದರು. ಒಪ್ಪಿಕೊಂಡವರು ಸುಮ್ಮನಿರಲಿಲ್ಲ. ಛತ್ರಿ ಹಿಡಿದು ನಡೆಯಲಿ, ತಲೆ ಬಗ್ಗಿಸಿ ನಡೆಯಲಿ, ಮೂಗು ಬಾಯಿ ಮುಚ್ಚಿಕೊಂಡು ನಡೆಯಲಿ ಎಂದು ದಿನಕ್ಕೊಂದು ಹೇಳತೊಡಗಿದರು. ಇವರಿಬ್ಬರಿಗೆ ಅದೊಂದು ಆಟ. ಅವಳು ಮುಖಕ್ಕೆ ಸೆರಗು ಸುತ್ತಿಕೊಂಡು ಕಳ್ಳಿಯಂತೆ ನಡೆಯುವುದು, ಅವನು ಮೇಲಿನಿಂದ "ಸಿಕ್ಕಿಬಿದ್ಲು!" ಎಂದು ಕೂಗುವುದು. ದಾರಿಯಲ್ಲಿ ಹೋಗುವವರು ಇವರಿಗೇನು ತಲೆ ಕೆಟ್ಟಿದೆಯೇ ಎಂದು ನೋಡುತ್ತಿದ್ದರು. ಮುಚ್ಚಿದ ಮುಖವನ್ನು ಕಣ್ಣು, ಹುಬ್ಬು, ನಡಿಗೆ ನೋಡಿಯೇ ಹಿಡಿಯುವುದನ್ನು ಆ ಯಂತ್ರ ನನ್ನ ತಂಗಿಯ ಮೇಲೆ ಕಲಿತುಕೊಂಡಿತು. ನವದಂಪತಿಗಳ ಸರಸ ಅದಕ್ಕೆ ಪಾಠವಾಯಿತು.

ಹೀಗಿರುವಾಗ ಲಾಂಡ್ರಿಯಲ್ಲಿ ಉಗಿಯ ಕೊಳವೆ ಒಡೆದು ಒಬ್ಬಳ ಕೈ ಮೊಣಕೈವರೆಗೆ ಬೆಂದುಹೋಯಿತು. ಅವಳು ಅಲ್ಲಿ ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕನ ಸೊಸೆ. ಕೊಳವೆ ಸೋರುತ್ತಿದೆ ಎಂದು ತಿಂಗಳುಗಳಿಂದ ಹೇಳುತ್ತಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಸೊಸೆ ಆಸ್ಪತ್ರೆಯ ಗೇಟಿನ ಮುಂದೆ ನಿಂತು, ಪಟ್ಟಿ ಕಟ್ಟಿದ ಕೈ ಮೇಲೆತ್ತಿ, ಆಡಳಿತದವರನ್ನು ಬಾಯಿಗೆ ಬಂದಂತೆ ಬೈದಳು. ಮರುದಿನ ಅವಳ ಮುಖಕ್ಕೆ ತಡೆ ಬಿತ್ತು. ಮನೆಯ ಬಾಗಿಲೊಂದು ಬಿಟ್ಟು ಬೇರೆಲ್ಲ ಮುಚ್ಚಿದವು; ಬಸ್ಸು ಹತ್ತುವಂತಿಲ್ಲ, ಕೆಲಸಕ್ಕೆ ಹೋಗುವಂತಿಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದೇನೆಂದರೆ, ಗಾಯದ ಪಟ್ಟಿ ಬದಲಾಯಿಸಿಕೊಳ್ಳುವುದಕ್ಕೂ ಆಸ್ಪತ್ರೆಯ ಬಾಗಿಲು ತೆರೆಯಲಿಲ್ಲ. ಗಾಜಿನಾಚೆ ನರ್ಸುಗಳು ಕಾಣುತ್ತಿದ್ದರು, ಅವರಿಗೂ ಬಾಗಿಲು ತೆರೆಯುವ ದಾರಿ ಇರಲಿಲ್ಲ.

ಚೌಕದಲ್ಲಿರುವ ನಗರಸಭೆ ಕಚೇರಿಯ ಮುಂದೆ ಹೋಗಿ ನಿಲ್ಲೋಣ ಎಂದು ಹೆಂಗಸರನ್ನು ಒಪ್ಪಿಸಿದವಳು ನನ್ನ ತಂಗಿ. ಎಲ್ಲರೂ ಹೆದರಿದ್ದರು. "ಲಾಂಡ್ರಿ ಯೂನಿಫಾರ್ಮು, ಟೋಪಿ, ಮಾಸ್ಕು ಹಾಕ್ಕೊಂಡು ಬನ್ನಿ. ಎಲ್ಲರೂ ಒಂದೇ ಥರ ಕಾಣ್ತೀವಿ. ಯಾರನ್ನ ಅಂತ ಹಿಡೀತಾರೆ?" ಎಂದು ಧೈರ್ಯ ಹೇಳಿದವಳೂ ಅವಳೇ. ಗಂಡನ ಜೊತೆ ಬೀದಿಯಲ್ಲಿ ಆಡಿದ ಆಟ ಉಳಿದವರಿಗೂ ತಗಲುತ್ತದೆ ಎಂದು ಅವಳ ತಲೆಗೆ ಹೊಳೆಯಲೇ ಇಲ್ಲ. ಅದು ತನ್ನೊಬ್ಬಳ ಮುಖದ ಮಾತು ಎಂದುಕೊಂಡಿದ್ದಳು.

ಚೌಕಕ್ಕೆ ಹೋಗುವ ಹಿಂದಿನ ದಿನ ಸಂಜೆ ತಂಗಿ, ಜೇಡ ಇಬ್ಬರೂ ನನ್ನ ಅಂಗಡಿಗೆ ಬಂದರು. ನನ್ನ ಹೊಲಿಗೆ ಅಂಗಡಿ ಚೌಕದ ಮೂಲೆಯಲ್ಲೇ ಇದೆ. ಜೇಡನ ಮುಖ ಸುಣ್ಣದಂತಾಗಿತ್ತು.

"ಮಿಷನ್ ತುಳೀತಾ ಇರಿ ಭಾವ, ನಿಲ್ಲಿಸಬೇಡಿ" ಎಂದ. ಆ ಸದ್ದಿನ ಮರೆಯಲ್ಲಿ ಮಾತಾಡಬೇಕಿತ್ತು. ನಾನು ಬರಿದೇ ಒಂದು ಚಿಂದಿಯ ಮೇಲೆ ಹೊಲಿಗೆ ಹಾಕುತ್ತಾ ಕೂತೆ.

"ಮಾಸ್ಕ್ ಹಾಕಿದ್ರೂ ಅದು ಹಿಡಿಯುತ್ತೆ ಕಣೇ" ಎಂದ ತಂಗಿಗೆ. "ನಿನ್ನೊಬ್ಬಳನ್ನಲ್ಲ, ಎಲ್ಲರನ್ನೂ. ನಿನ್ನ ಮೇಲೆ ಕಲಿತು ಈಗ ಊರಿಗೆಲ್ಲ ಅದನ್ನೇ ಮಾಡ್ತಿದೆ. ಬೆಳಿಗ್ಗೆ ಬಂದವರ ಮುಖಕ್ಕೆಲ್ಲ ಸಂಜೆಯೊಳಗೆ ತಡೆ ಬೀಳುತ್ತೆ."

ತಂಗಿ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು. "ನಾನೇ ಅವರನ್ನ ಒಪ್ಪಿಸಿದ್ದು ರೀ."

"ಬೇಡ ಅಂತ ಹೇಳಿಬಿಡೇ ಹಾಗಾದ್ರೆ" ಎಂದೆ ನಾನು.

"ಹೇಗೆ ಹೇಳ್ಲಿ ಅಣ್ಣ? ಆ ಹುಡುಗಿಯ ಕೈ ಕೀವು ಕಟ್ಕೊಂಡಿದೆ. ಇನ್ನೂ ತಡ ಮಾಡಿದ್ರೆ ಕೈಯೇ ಹೋಗುತ್ತೆ."

ಜೇಡ ಬ್ರಷ್ಷಿನ ಕೂದಲು ಕೀಳುತ್ತಾ ನಿಂತ. ಚೌಕದ ಕ್ಯಾಮೆರಾವನ್ನು ಬೆಳಿಗ್ಗೆ ಒರೆಸಿಡು ಎಂದು ಅವನಿಗೆ ಆಗಲೇ ಆಜ್ಞೆಯಾಗಿತ್ತು. ಏನೋ ನಡೆಯುತ್ತದೆ ಎಂಬ ವಾಸನೆ ಮೇಲಿನವರಿಗೆ ಬಡಿದಿತ್ತು. ಕೊನೆಗೆ ಅವನು, "ಒಂದೇ ದಾರಿ ಇದೆ. ನಾನು ಏಣಿ ಹಾಕಿ ಹತ್ತಿದೋನು ಇಳಿಯೋದೇ ಇಲ್ಲ. ಪರೀಕ್ಷೆ ಮುಗಿಯೋವರೆಗೆ ಅದಕ್ಕೆ ಕಂಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ಆದ್ರೆ ಪರೀಕ್ಷೆಯ ಮುಖ ಅದಕ್ಕೆ ಕಾಣಬಾರದು. ನನ್ನ ಮುಖ ನಾನು ಮರೆಮಾಡ್ಕೋತೀನಿ. ನೀನು..."

"ನಾನು ಬರಬಾರದು" ಎಂದಳು ತಂಗಿ.

"ಬಂದ ಗಳಿಗೇಲೇ 'ಸಿಕ್ತು' ಅನ್ನುತ್ತೆ. ಅಲ್ಲಿಗೆ ಎಲ್ಲರೂ ಸಿಕ್ಕಿದ ಹಾಗೆ."

"ಅವರಿಗೆ ಯಾಕೆ ಬರಲಿಲ್ಲ ಅಂತ ಹೇಳ್ಲಿ?"

"ಏನೂ ಹೇಳಬೇಡ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದ್ರೆ ಬೆಳಿಗ್ಗೆ ನನ್ನನ್ನ ಕಂಬದ ಹತ್ತಿರಾನೂ ಬಿಡಲ್ಲ."

ಅವಳು ಅಳಲಿಲ್ಲ. "ಹೇಡಿ ಅಂತಾರೆ" ಎಂದಳು ಒಂದೇ ಮಾತು. ನಾನು ಮಿಷನ್ ತುಳಿಯುವುದನ್ನು ಮರೆತಿದ್ದೆ, ಅವನು ಕಣ್ಣಿನಲ್ಲೇ ಎಚ್ಚರಿಸಿದ.

ಮರುದಿನ ಬೆಳಿಗ್ಗೆ ಅವಳು ಮನೆಯಲ್ಲಿ ಕೂರಲಾರದೆ ಹಿಂದಿನ ಓಣಿಯಿಂದ ನನ್ನ ಅಂಗಡಿಗೆ ನುಗ್ಗಿದಳು. ಬೈದೆ. ಬೈದು, ಅಳತೆ ನೋಡುವ ಮೂಲೆಯ ಪರದೆಯ ಹಿಂದೆ ನಿಲ್ಲಿಸಿದೆ. ಅಲ್ಲಿಂದ ಚೌಕ ಪೂರ್ತಿ ಕಾಣುತ್ತದೆ. ಅಂಗಡಿಯ ಹೊಸ್ತಿಲು ದಾಟಿದರೆ ಕಂಬದ ಕಣ್ಣಿಗೆ ಬೀಳುತ್ತಾಳೆ, ಒಳಗಿದ್ದರೆ ಇಲ್ಲ.

ಜೇಡ ಬೇಕೆಂದೇ ತಡಮಾಡಿ, ಹೆಂಗಸರು ಬರುವ ಹೊತ್ತಿಗೆ ಬಂದ. ಚೌಕದ ನಡುವಿನ ಕಂಬಕ್ಕೆ ನಾಲ್ಕು ದಿಕ್ಕಿಗೂ ಕಣ್ಣಿವೆ. ಅವನು ಏಣಿ ಒರಗಿಸಿ ಹತ್ತಿದ, ಬೆಲ್ಟನ್ನು ಕಂಬಕ್ಕೆ ಸುತ್ತಿ ಸೊಂಟಕ್ಕೆ ಬಿಗಿದ, ಬಕೆಟ್ಟನ್ನು ಕೊಕ್ಕೆಗೆ ನೇತುಹಾಕಿದ. ಕಿವಿಯಲ್ಲಿ ಫೋನಿನ ಗುಂಡಿ. ಅವನ ತುಟಿ ಅಲ್ಲಾಡಿದ್ದು ಕಂಡಿತು. ಏಣಿ ಹಾಕಿದೆ ಎಂದಿರಬೇಕು.

ಹೆಂಗಸರು ಇಬ್ಬಿಬ್ಬರಾಗಿ, ಮೂವರಾಗಿ ಬರತೊಡಗಿದರು. ನೀಲಿ ಯೂನಿಫಾರ್ಮು, ಬಿಳಿ ಟೋಪಿ, ಬಿಳಿ ಮಾಸ್ಕು. ಹೆತ್ತ ತಾಯಿಗೂ ಗುರುತು ಸಿಗದ ಹಾಗಿದ್ದರು. ದೊಡ್ಡಕ್ಕನನ್ನು ಮಾತ್ರ ಅವಳ ಧ್ವನಿಯಿಂದ ಗುರುತಿಸಿದೆ. ಅವಳು ಗುಂಪಿನಲ್ಲಿ ಅತ್ತಿತ್ತ ಹುಡುಕಿ ನೇರ ನನ್ನ ಅಂಗಡಿಗೆ ಬಂದಳು. ಪರದೆಗೂ ಅವಳಿಗೂ ನಡುವೆ ಒಂದು ಇಸ್ತ್ರಿ ಮೇಜು ಅಷ್ಟೇ ಇತ್ತು.

"ಎಲ್ಲಪ್ಪ ನಿನ್ನ ತಂಗಿ?"

"ಮನೇಲಿ. ಜ್ವರ ಅಂತೆ."

"ಜ್ವರಾನಾ?" ದೊಡ್ಡಕ್ಕ ಮಾಸ್ಕು ಕೆಳಗೆ ಎಳೆದಳು. "ನಮ್ಮನ್ನೆಲ್ಲ ಹುರಿದುಂಬಿಸಿ ಬೀದಿಗೆ ತಂದು ತಾನು ಹೊದ್ಕೊಂಡು ಮಲಗಿದ್ಲಾ? ನನ್ನ ಸೊಸೆಗೆ ಬಂದಿದ್ದು ಅವಳ ಕೈಗೆ ಬರಬೇಕಿತ್ತು. ಆಗ ಗೊತ್ತಾಗಿರೋದು ಜ್ವರ ಅಂದ್ರೇನು ಅಂತ. ಹೇಳು ಅವಳಿಗೆ."

ಅವಳು ಹೊರಟುಹೋದ ಮೇಲೆ ಪರದೆಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಪರದೆ ಅಲ್ಲಾಡದೆ ನಿಂತಿತ್ತು.

ಹೊರಗೆ ಕೂಗು ಶುರುವಾಯಿತು. "ಕೊಳವೆ ಸರಿಮಾಡಿ! ಬಾಗಿಲು ತೆಗೀರಿ!" ಜೇಡ ಮೇಲೆ ಒಂದೇ ಗಾಜನ್ನು ಒರೆಸುತ್ತಲೇ ಇದ್ದ. ಅವನ ಕಿವಿಯಲ್ಲಿ ಆಗ ಏನಾಗುತ್ತಿತ್ತೆಂದು ಅವನು ಆಮೇಲೆ ಹೇಳಿದ. "ಅಣ್ಣ, ಇನ್ನೂ ಆಗಿಲ್ವಾ? ಇಳಿದು ಮುಖ ತೋರಿಸು" ಎಂದು ಕಂಟ್ರೋಲ್ ರೂಮಿನ ಹುಡುಗಿ ಮೆಲ್ಲಗೆ ಕೇಳುತ್ತಿದ್ದಳು. ಅವಳ ಹಿಂದೆ ಒಬ್ಬ ಗಂಡಸು ಗುಡುಗುತ್ತಿದ್ದ. "ಬಲೆ ಮೂಲೆಗೆ ಅಂಟ್ಕೊಂಡಿದೆ ತಾಯಿ, ಬರ್ತಿಲ್ಲ" ಎಂದು ಇವನು ಹೇಳುತ್ತಲೇ ಇದ್ದ. ಕೊನೆಗೆ ಆ ಗಂಡಸೇ ಫೋನು ಕಿತ್ತುಕೊಂಡು, "ಇಂಜಿನಿಯರನ್ನ ವ್ಯಾನಲ್ಲಿ ಕಳಿಸ್ತಿದೀನಿ. ಅವನು ಕಂಬದ ಬುಡದ ಪೆಟ್ಟಿಗೆ ತೆಗೆದು ಪರೀಕ್ಷೆ ನಿಲ್ಲಿಸ್ತಾನೆ. ಆಮೇಲೆ ನಿನ್ನನ್ನ ವಿಚಾರಿಸ್ಕೋತೀನಿ" ಎಂದನಂತೆ.

ಕೆಳಗಿದ್ದವರಿಗೆ ಇದೆಲ್ಲ ಏನು ಗೊತ್ತು? ಅವರಿಗೆ ಕಂಡದ್ದು ಒಂದೇ. ತಾವು ಪ್ರಾಣ ಕೈಯಲ್ಲಿ ಹಿಡಿದು ನಿಂತಿರುವಾಗ, ತಮ್ಮನ್ನು ಹಿಡಿದುಕೊಡುವ ಗಾಜನ್ನು ಒಬ್ಬ ಫಳಫಳ ಮಾಡುತ್ತಿದ್ದಾನೆ. ಅವನು ಬೇರೆ ಯಾರೂ ಅಲ್ಲ, ಮನೆಯಲ್ಲಿ ಮಲಗಿದವಳ ಗಂಡ.

"ಉಜ್ಜಪ್ಪ, ಚೆನ್ನಾಗಿ ಉಜ್ಜು!" ಎಂದು ಒಬ್ಬಳು ಕೂಗಿದಳು. "ಹೆಂಡ್ತೀನ ಒಳಗಿಟ್ಟು ನಮ್ಮ ಫೋಟೋ ತೆಗೀತೀಯೇನೋ?" ಎಂದಳು ಇನ್ನೊಬ್ಬಳು. ಒಂದು ಚಪ್ಪಲಿ ಹಾರಿ ಅವನ ಬೆನ್ನಿಗೆ ಬಡಿಯಿತು. ಅವನು ತಿರುಗಲಿಲ್ಲ. ತಿರುಗಿ ಕೆಳಗೆ ನೋಡಿದರೆ ಕಂಬದ ಪಕ್ಕದ ಕಣ್ಣಿಗೆ ಮುಖ ಬೀಳುತ್ತದೆ, ಪರೀಕ್ಷೆ ಮುಗಿಯುತ್ತದೆ. ಮೊಣಕೈಯಲ್ಲಿ ಮುಖ ಹುದುಗಿಸಿಕೊಂಡು ಒಂದೇ ಕೈಯಲ್ಲಿ ಒರೆಸುತ್ತಿದ್ದ. ಅದನ್ನು ಅವರು ನಾಚಿಕೆ ಎಂದುಕೊಂಡರು.

ದೊಡ್ಡಕ್ಕ ಏಣಿಗೆ ಕೈ ಹಾಕಿದಳು. ಮತ್ತೆ ಮೂವರು ಕೂಡಿಕೊಂಡರು. ಒಮ್ಮೆ ಅಲ್ಲಾಡಿಸಿದರು, ಎರಡನೆಯ ಸಲಕ್ಕೆ ಏಣಿ ಕಂಬ ಬಿಟ್ಟು ನೆಲಕ್ಕೆ ಬಿತ್ತು. ಜೇಡ ಬೆಲ್ಟಿನ ಮೇಲೆ ಜೋತುಬಿದ್ದ. ಭುಜ ಕಂಬಕ್ಕೆ ಅಪ್ಪಳಿಸಿದ ಸದ್ದು ನನಗೆ ಅಂಗಡಿಯೊಳಗೆ ಕೇಳಿಸಿತು.

ಪರದೆ ಹರಿದುಕೊಂಡೇ ಬಂದಳು ನನ್ನ ತಂಗಿ. "ಸಾಯಿಸ್ತಾರೆ ಅಣ್ಣ, ಬಿಡು!" ನಾನು ಹೊಸ್ತಿಲಿಗೆ ಅಡ್ಡ ನಿಂತು ಅವಳ ಎರಡೂ ರಟ್ಟೆ ಹಿಡಿದುಕೊಂಡೆ. ಉಗುರಿನಿಂದ ನನ್ನ ಕೈ ಪರಚಿದಳು. "ನೀನು ಹೋದ್ರೆ ಅವನು ನೇತಾಡಿದ್ದು ವ್ಯರ್ಥ ಕಣೇ" ಎಂದೆ. "ಆ ಹೆಂಗಸರೆಲ್ಲ ನಾಳೆ ಬಾಗಿಲ ಹೊರಗೆ ನಿಂತಿರ್ತಾರೆ." ಅವಳು ನನ್ನ ಎದೆಗೆ ತಲೆ ಚಚ್ಚಿಕೊಂಡಳು. ಗಂಡನ ಏಣಿ ಎಳೆದವರು ಅವಳ ಜೊತೆ ದಿನಾ ಒಂದೇ ಡಬ್ಬಿಯಲ್ಲಿ ಉಂಡವರು. ಅವರನ್ನು ಕಾಪಾಡಬೇಕಾದರೆ ಅವರು ಅವನನ್ನು ಏನು ಮಾಡಿದರೂ ನೋಡುತ್ತಾ ನಿಲ್ಲಬೇಕಿತ್ತು. ಅಂಥ ಶಿಕ್ಷೆಯನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ.

ಅಷ್ಟರಲ್ಲಿ ಕಚೇರಿಯ ಬಾಗಿಲು ತೆರೆದು ಒಬ್ಬ ಅಧಿಕಾರಿ ಮೆಟ್ಟಿಲಿಗೆ ಬಂದ. ಏನೋ ಭರವಸೆ ಕೊಟ್ಟ, ಇವರ ಅರ್ಜಿ ಇಸಿದುಕೊಂಡ. ಹೆಂಗಸರು ಚಪ್ಪಾಳೆ ತಟ್ಟಿದರು. ಇನ್ನು ಹೋಗಬಹುದಿತ್ತು, ಹೋಗಲಿಲ್ಲ. ಗೆದ್ದ ಸಂಭ್ರಮದಲ್ಲಿ ಕೈ ಕೈ ಹಿಡಿದು ಇನ್ನೂ ಜೋರಾಗಿ ಕೂಗತೊಡಗಿದರು. ರಸ್ತೆಯ ತುದಿಯ ತಿರುವಿನಲ್ಲಿ ಬಿಳಿ ವ್ಯಾನು ಕಾಣಿಸಿತು. ಕಂಬದ ಮೇಲಿದ್ದವನಿಗೆ ಅದು ನನಗಿಂತ ಮೊದಲೇ ಕಂಡಿರಬೇಕು.

ಕಿವಿಯಲ್ಲಿ ಫೋನು ತೆರೆದಿತ್ತು, ಓಡಿ ಎಂದು ಬಾಯಿ ಬಿಡುವಂತಿರಲಿಲ್ಲ. ಅವನು ಸರಿಯಿದ್ದ ಕೈಯಿಂದ ಬಕೆಟ್ಟನ್ನು ಕೊಕ್ಕೆಯಿಂದ ಎಬ್ಬಿಸಿ, ಬೀದಿಗಳ ಕೊಳೆ ತುಂಬಿದ ಆ ಕಪ್ಪು ನೀರನ್ನು ಅವರ ತಲೆಯ ಮೇಲೆ ಸುರಿದುಬಿಟ್ಟ. ಬಕೆಟ್ಟೂ ಹಿಂದೆಯೇ ಬಿತ್ತು. ಚೀರಾಟ, ಶಾಪ. ಟೋಪಿ, ಮಾಸ್ಕು ಎಲ್ಲ ಒದ್ದೆಯಾದ ಹೆಂಗಸರು ದಿಕ್ಕುದಿಕ್ಕಿಗೆ ಚೆದುರಿದರು. ದೊಡ್ಡಕ್ಕ ಕೊನೆಗೆ ಹೋದಳು, ಹೋಗುವಾಗ ಕಂಬಕ್ಕೆ ಉಗಿದು ಹೋದಳು. ವ್ಯಾನು ಬಂದು ನಿಂತಾಗ ಚೌಕದಲ್ಲಿ ಒದ್ದೆ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಜನ ಏಣಿ ಎಳೆದುಬಿಟ್ಟರು, ನಾನು ಇಳಿಯುವುದಾದರೂ ಹೇಗೆ ಎಂದು ಜೇಡ ಆಫೀಸಿನಲ್ಲಿ ಹೇಳಿದ. ಮುರಿದ ಭುಜ ಅವನ ಪರವಾಗಿ ಸಾಕ್ಷಿ ಹೇಳಿತು. ಮರುದಿನ ಆಸ್ಪತ್ರೆಯ ಗೇಟಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಉಸಿರು ಬಿಗಿಹಿಡಿದು ಮುಖ ಒಡ್ಡಿದರು. ಎಲ್ಲರಿಗೂ ಬಾಗಿಲು ತೆರೆಯಿತು. ನನ್ನ ತಂಗಿಗೂ ತೆರೆಯಿತು, ಆದರೆ ಒಳಗೆ ಒಬ್ಬರೂ ಅವಳ ಮುಖ ನೋಡಲಿಲ್ಲ. ಆಸ್ಪತ್ರೆಯ ದೊಡ್ಡ ಹಾಸಿಗೆ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಮಡಚಬೇಕು. ಅವಳ ತುದಿಯ ಎದುರಿಗೆ ಯಾರೂ ನಿಲ್ಲಲಿಲ್ಲ. ಗಲ್ಲದ ಕೆಳಗೆ ಒಂದು ತುದಿ ಸಿಕ್ಕಿಸಿಕೊಂಡು ಒಬ್ಬಳೇ ಮಡಚುವುದನ್ನು ಕಲಿತಳು.

ಕೊಳವೆಯನ್ನು ಬದಲಾಯಿಸಿದರು. ಸೊಸೆಯ ತಡೆಯನ್ನು ತೆಗೆಯಲಿಲ್ಲ. ಅವಳ ಕೈಗೆ ಯಾರೋ ನರ್ಸು ಕದ್ದುಮುಚ್ಚಿ ಮನೆಗೇ ಬಂದು ಪಟ್ಟಿ ಕಟ್ಟುತ್ತಿದ್ದಳು. ಇತ್ತ ಚೌಕದ ಕಂಬಕ್ಕೆ, ಹಿಂದೆಯೇ ಊರಿನ ಕಂಬಗಳಿಗೆಲ್ಲ, ಹೊಸ ಕ್ಯಾಮೆರಾ ಬಂತು. ಅದು ತನ್ನ ಗಾಜನ್ನು ತಾನೇ ಒರೆಸಿಕೊಳ್ಳುತ್ತದೆ. ಸಣ್ಣ ರಬ್ಬರಿನ ಪಟ್ಟಿ ಅತ್ತಿಂದಿತ್ತ ಆಡುತ್ತದೆ, ಬಲೆ ಕಟ್ಟಿದರೆ ಗುಂಯ್ ಎಂದು ನಡುಗಿ ಉದುರಿಸುತ್ತದೆ. ಏಣಿ ಬೇಡ, ಪರೀಕ್ಷೆ ಬೇಡ, ಜೇಡನೂ ಬೇಡ. ಅವನನ್ನು ಮನೆಗೆ ಕಳಿಸಿದರು.

ನನ್ನ ಹೊಟ್ಟೆಯಲ್ಲಿದ್ದದ್ದು ಹೊರಬೀಳುವ ದಿನ ದೊಡ್ಡಕ್ಕನೇ ಬಂದಳು. ಮಧ್ಯಾಹ್ನ, ಬಿಳಿ ಬಟ್ಟೆಯ ಥಾನು ಬಗಲಲ್ಲಿ ಇಟ್ಟುಕೊಂಡು. "ಸೊಸೆಯ ತಡೆ ತೆಗೆಸೋಕೆ ಮತ್ತೆ ಚೌಕಕ್ಕೆ ಹೋಗ್ತಿದೀವಿ. ಮೂಗು ಬಾಯಿ ಮುಚ್ಚೋ ಹಾಗೆ ಮಾಸ್ಕ್ ಹೊಲಿದುಕೊಡು. ಮೊನ್ನೆ ಅದರಿಂದಾನೇ ಬಚಾವಾದ್ವಿ. ಯಂತ್ರಾನೇ ಮಂಗ ಮಾಡಿದ್ವಲ್ಲ" ಎಂದು ನಕ್ಕಳು.

ಮಾಸ್ಕು ಕೆಲಸಕ್ಕೆ ಬಾರದು ಎಂದು ತಂಗಿ ಲಾಂಡ್ರಿಯಲ್ಲಿ ಹೇಳಿ ನೋಡಿದ್ದಳು. ಹೇಡಿಯ ಮಾತು ಎಂದು ಯಾರೂ ಕೇಳಿರಲಿಲ್ಲ. ನಾನು ಬಟ್ಟೆ ಮುಟ್ಟಲಿಲ್ಲ. "ಕೂತ್ಕೊಳ್ಳಿ" ಎಂದು ಹೇಳಿ ತಂಗಿ, ಜೇಡ ಇಬ್ಬರನ್ನೂ ಫೋನು ಮಾಡಿ ಕರೆಸಿದೆ. ತಂಗಿಯ ಹಿಂದೆ ಜೇಡ ಕುತ್ತಿಗೆಗೆ ಕೈ ನೇತುಹಾಕಿಕೊಂಡು ಬಂದ. ಅವನನ್ನು ಕಂಡು ದೊಡ್ಡಕ್ಕ ಎದ್ದು ಹೊರಟಳು, ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೇಳಿಬಿಡು" ಎಂದ ಅವನು ತಂಗಿಗೆ. "ಈಗ ಕಂಬದ ಮೇಲೆ ನಾನಿಲ್ಲ. ಹೇಳದೇ ಇದ್ರೆ ಸಿಕ್ಕಿಬೀಳ್ತಾರೆ."

ಅವಳು ಮೊದಲಿನಿಂದ ಹೇಳಿದಳು. ದೊಡ್ಡಕ್ಕ ಕೈ ಕಟ್ಟಿ ಕೇಳಿ, "ಈಗ ಕಥೆ ಕಟ್ತಿದೀಯಾ? ಆವತ್ತು ನೀನು ಮನೇಲಿ ಮಲಗಿದ್ದೆ" ಎಂದಳು.

"ಮನೇಲಿರಲಿಲ್ಲ ದೊಡ್ಡಕ್ಕ. ಆ ಪರದೆ ಹಿಂದೆ ಇದ್ದೆ. ನಿಮ್ಮ ಸೊಸೆಗೆ ಬಂದಿದ್ದು ನನ್ನ ಕೈಗೆ ಬರಬೇಕಿತ್ತು ಅಂದ್ರಿ. ಆಗ ಗೊತ್ತಾಗಿರೋದು ಜ್ವರ ಅಂದ್ರೇನು ಅಂತ ಅಂದ್ರಿ. ಅವಳಿಗೆ ಹೇಳು ಅಂತ ಅಣ್ಣನಿಗೆ ಅಂದ್ರಿ, ಅವನು ಹೇಳಲಿಲ್ಲ. ನಾನೇ ಕೇಳಿಸ್ಕೊಂಡಿದ್ದೆ."

ದೊಡ್ಡಕ್ಕ ಪರದೆಯನ್ನು ನೋಡಿದಳು, ನಾನು ಕೈಯಲ್ಲಿ ಹೊಲಿದು ಕೂಡಿಸಿದ್ದ ಹರಕನ್ನು ನೋಡಿದಳು, ಆಮೇಲೆ ಜೇಡನ ಭುಜವನ್ನು ನೋಡಿದಳು. "ಏಣಿ ಎಳೆದೋಳು ನಾನೇ" ಎಂದಳು. ಕುಸಿದು ಕೂತು ಮುದುಡಿಕೊಂಡಳು. "ಮಗನೇ, ನಾನೇ ಎಳೆದೆ ಕಣೋ."

"ಬಕೆಟ್ ನೀರಿಗೆ ಅದು ಸರಿಹೋಯ್ತು, ಬಿಡಿ" ಎಂದ ಜೇಡ. ಯಾರೂ ನಗಲಿಲ್ಲ. ಅವನು ಎಂದೂ ಸರಿಯಾದ ಹೊತ್ತಿಗೆ ತಮಾಷೆ ಮಾಡಿದವನಲ್ಲ.

ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಗಾದ್ರೆ ಇನ್ನು ಹೋಗೋ ಹಾಗೇ ಇಲ್ವಾ? ನನ್ನ ಸೊಸೆ ಬಾಗಿಲ ಹೊರಗೇ ಇರಬೇಕಾ?"

ನಾನಂತೂ ತಂಗಿ ಏನೂ ಹೇಳದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇಷ್ಟು ಅನುಭವಿಸಿದ್ದು ಸಾಲದೇ?

"ಹೋಗೋಣ" ಎಂದಳು ಅವಳು. "ಮುಚ್ಕೊಂಡ್ರೂ ಹಿಡಿಯುತ್ತೆ ಅಂದ್ಮೇಲೆ ಮುಚ್ಕೊಳ್ಳೋದು ಯಾಕೆ? ಬರೀ ಮುಖದಲ್ಲೇ ಹೋಗೋಣ. ಹೆದರೋರು ಬರೋದು ಬೇಡ, ಅವರಿಗೆ ಎಲ್ಲಾ ಮೊದಲೇ ಹೇಳಿಬಿಡೋಣ. ಈ ಸಲ ನಾನೂ ಬರ್ತೀನಿ, ಮುಂದೇನೇ ನಿಲ್ತೀನಿ."

ಜೇಡ ಅವಳನ್ನು ನೋಡಿದ. ಬೇಡ ಎನ್ನುತ್ತಾನೆ ಎಂದುಕೊಂಡೆ. "ಬಸ್ಸು ಹತ್ತಿಸ್ಕೊಳ್ಳಲ್ಲ ಆಮೇಲೆ" ಎಂದ. "ಲಾಂಡ್ರಿ ಬಾಗಿಲೂ ತೆರೆಯಲ್ಲ. ಬೇರೆ ಕೆಲಸ ಹುಡುಕ್ಕೊಂಡು ನಡೀಬೇಕಾಗುತ್ತೆ."

"ನಡೀತೀನಿ. ನಿಮ್ಮ ಕಂಬಗಳ ಕೆಳಗೆ ಎಷ್ಟು ನಡೆದಿಲ್ಲ?"

ದೊಡ್ಡಕ್ಕ ಎದ್ದು ಅವಳ ಪಕ್ಕ ಬಂದು ನಿಂತಳು. ನನಗೆ ಭಯವಾಗಿತ್ತು, ಈಗಲೂ ಇದೆ. ಮೇಜಿನ ಮೇಲಿದ್ದ ಬಿಳಿ ಥಾನನ್ನು ಸುತ್ತಿ ದೊಡ್ಡಕ್ಕನ ಕೈಗೆ ವಾಪಸು ಕೊಟ್ಟೆ. ಹೊಲಿಯುವುದಕ್ಕೆ ಇನ್ನೇನೂ ಇರಲಿಲ್ಲ.